ಎಕ್ಸಿಟ್ 30ರಿಂದ ಫೋರ್ಡ್ ಫೀಲ್ಡ್‌ವರೆಗೆ: ಎಳೆಯರ ತಂಡವೊಂದರ ಜಾಡಿನಲ್ಲಿ ಆರು ದಿನ

ಮೊದಲ ದಿನ: ಡೇವಿಡ್ಸನ್

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಶಾರ್ಲೆಟ್ ವಿಮಾನ ನಿಲ್ದಾಣದಿಂದ ಐ-77 ಹೆದ್ದಾರಿ ಹಿಡಿದು ಉತ್ತರಕ್ಕೆ 40 ಕಿ.ಮೀ. ಹೋದರೆ ಎಕ್ಸಿಟ್ 30. ಅಲ್ಲಿಂದ ಗ್ರಿಫಿತ್ ಸ್ಟ್ರೀಟ್ ನೇರವಾಗಿ ಊರೊಳಕ್ಕೆ ಕರೆದೊಯ್ಯುತ್ತದೆ. ಇಲ್ಲಿನ ಡೇವಿಡ್ಸನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿ ಮುಂದೆ ಎನ್‌ಬಿಎ ತಾರೆಯಾದ ಸ್ಟೀಫನ್ ಕರಿಯ ಬೆನ್ನ ಮೇಲಿದ್ದದ್ದೂ ಇದೇ 30. ಕಾಕತಾಳೀಯವೇ ಸರಿ, ಆದರೂ ಆ ಹಸಿರು ಫಲಕ ಕಂಡಾಗ ಡೇವಿಡ್ಸನ್ ಅಭಿಮಾನಿಗಳಿಗೆ ಒಂದು ಪುಳಕ ಇದ್ದೇ ಇರುತ್ತದೆ.

2008ರ ಮಾರ್ಚ್‌ನಲ್ಲಿ ಕರಿಯ ತಂಡ ಎನ್‌ಸಿಎಎ ಟೂರ್ನಿಯಲ್ಲಿ (ಸೋತವರು ಹೊರಬೀಳುವ ರಾಷ್ಟ್ರಮಟ್ಟದ ಕಾಲೇಜು ಟೂರ್ನಿ) ರಾಲಿಯಲ್ಲೂ ಡೆಟ್ರಾಯ್ಟ್‌ನಲ್ಲೂ ಆಡಿತು, ಅದರ ಜಾಡಿನಲ್ಲೇ ಈ ಪ್ರವಾಸ. ಇದಕ್ಕೆ ನವೆಂಬರ್ ಎರಡನೇ ವಾರ ಒಳ್ಳೆಯದು. ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ಆಗಷ್ಟೇ ಶುರುವಾಗಿರುತ್ತದೆ, ಉತ್ತರದ ಬೆಟ್ಟಗಳಲ್ಲಿ ಹಿಮ ಇನ್ನೂ ಜೋರಾಗಿರುವುದಿಲ್ಲ. ಸಂಜೆ ಏಳರ ಪಂದ್ಯವಾದರೆ ವಿಮಾನ ನಿಲ್ದಾಣವನ್ನು ನಾಲ್ಕರೊಳಗೆ ಬಿಡಬೇಕು. ಶಾರ್ಲೆಟ್‌ನ ಬ್ಯಾಂಕ್ ಕಚೇರಿಗಳು ಬಿಟ್ಟ ಮೇಲೆ ಹಂಟರ್ಸ್‌ವಿಲ್, ಕಾರ್ನೀಲಿಯಸ್ ಕಡೆಗೆ ಐ-77 ಕಟ್ಟಿಕೊಂಡುಬಿಡುತ್ತದೆ. ಟೋಲ್ ಕೊಟ್ಟು ಹೋಗುವ ಎಕ್ಸ್‌ಪ್ರೆಸ್ ಲೇನ್ ಇದೆ, ಆದರೆ ಜನಸಂದಣಿ ಏರಿದಂತೆ ಅದರ ದರವೂ ಏರುತ್ತದೆ.

ಕಾಲೇಜು ಚಿಕ್ಕದು. ಕರಿ ಓದುತ್ತಿದ್ದಾಗ ಇಲ್ಲಿದ್ದ ವಿದ್ಯಾರ್ಥಿಗಳು ಸುಮಾರು 1,700. ನಮ್ಮ ಕಡೆಯ ಒಂದು ದೊಡ್ಡ ಪಿಯು ಕಾಲೇಜಿನಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಬೆಲ್ಕ್ ಅರೀನಾದಲ್ಲಿ ಐದು ಸಾವಿರ ಚಿಲ್ಲರೆ ಆಸನ. ಅಂಕಣಕ್ಕೆ ಮೆಕಿಲಪ್ ಕೋರ್ಟ್ ಎಂದು ಹೆಸರು. ಬಾಬ್ ಮೆಕಿಲಪ್ 1989ರಲ್ಲಿ ಕೋಚ್ ಆಗಿ ಬಂದರು. ಮೊದಲ ವರ್ಷ 4 ಗೆಲುವು, 24 ಸೋಲು. ಆದರೂ ಕಾಲೇಜು ಅವರನ್ನು ಉಳಿಸಿಕೊಂಡಿತು, ಅವರೂ 33 ಋತು ನಿಂತರು. 2022ರಿಂದ ಮಗ ಮ್ಯಾಟ್ ಮೆಕಿಲಪ್ ಕೋಚ್.

ಅಂಕಣದ ಪಕ್ಕದ ದುಬಾರಿ ಆಸನಗಳಿಗಿಂತ, ಬುಟ್ಟಿಯ ಹಿಂದಿನ ತುದಿಯಲ್ಲಿ ಹತ್ತು ಹದಿನೈದು ಸಾಲು ಮೇಲೆ ಕೂರುವುದು ಮೇಲು. ಡೇವಿಡ್ಸನ್ ಆಟದ ಜೀವ ಇರುವುದು ಚೆಂಡಿಲ್ಲದ ಆಟಗಾರರ ಓಟದಲ್ಲಿ. ಒಬ್ಬ ಕಂಬದಂತೆ ನಿಂತು ಎದುರಾಳಿಯ ದಾರಿ ತಡೆಯುತ್ತಾನೆ, ಇನ್ನೊಬ್ಬ ಅವನ ಭುಜ ಸವರಿಕೊಂಡು ಹೊರಗೆ ಓಡುತ್ತಾನೆ. ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಮನೆಯಲ್ಲಿ ಕೂತವರಿಗೆ ಇದರ ಅರ್ಧವೂ ಕಾಣುವುದಿಲ್ಲ. ಎಳೆಯ ತಂಡ ಪಳಗುತ್ತಿದೆಯೇ ಎಂದು ತಿಳಿಯಲು ನೋಡಬೇಕಾದ್ದು ಇಲ್ಲೇ. ಹೊಸ ಹುಡುಗರು ಸ್ಕ್ರೀನ್ ಹಾಕುವಾಗ ಒಂದೆಡೆ ನಿಲ್ಲದೆ ಜರುಗುತ್ತಾರೆ, ರೆಫರಿ ಫೌಲ್ ಊದುತ್ತಾನೆ. ಇಲ್ಲವೇ ಓಡುವವನು ಸ್ಕ್ರೀನ್ ಕಟ್ಟುವ ಮುನ್ನವೇ ಹೊರಟುಬಿಡುತ್ತಾನೆ, ಅವನ ಕಾವಲುಗಾರ ಅಂಟಿಕೊಂಡೇ ಬರುತ್ತಾನೆ. ಇದನ್ನು ಸರಿಪಡಿಸುವುದು ಜಾಣ್ಮೆಯಲ್ಲ, ಜೊತೆಗೆ ಆಡಿದ ದಿನಗಳ ಲೆಕ್ಕ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪುರುಷರ ಕಾಲೇಜು ಪಂದ್ಯ 20 ನಿಮಿಷದ ಎರಡು ಅರ್ಧ. ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಆಟ ಮೊದಲು ನಿಂತಾಗ ಟಿ.ವಿ. ವಿರಾಮ ಬರುತ್ತದೆ. ಹಾಗಾಗಿ ಪ್ರತಿ ಅರ್ಧವೂ ತಾನಾಗಿಯೇ ಐದು ತುಂಡಾಗುತ್ತದೆ, ಇಡೀ ಪಂದ್ಯಕ್ಕೆ ಹತ್ತು ಸಾಲು. ಪ್ರತಿ ಸಾಲಿನಲ್ಲಿ ನಾಲ್ಕು ಮನೆ: ಎಸೆತ, ನಾವು ಎತ್ತಿಕೊಂಡ ನಮ್ಮದೇ ತಪ್ಪಿದ ಚೆಂಡು (ರೀಬೌಂಡ್), ಟರ್ನ್‌ಓವರ್ (ಎಸೆಯುವ ಮೊದಲೇ ಎದುರಾಳಿಗೆ ಕಳೆದುಕೊಂಡ ಚೆಂಡು), ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ ಬಿಡಿ ಎಸೆತ). ಪಂದ್ಯ ಮುಗಿದ ಮೇಲೆ ಒಟ್ಟು ಸರದಿ, ಅಂದರೆ ಚೆಂಡು ತಂಡದ ಕೈಗೆ ಬಂದ ಬಾರಿ, ಎಷ್ಟೆಂದು ಹೀಗೆ ಲೆಕ್ಕ ಹಾಕಬಹುದು: ಎಸೆತಗಳಿಂದ ಎತ್ತಿಕೊಂಡ ಚೆಂಡುಗಳನ್ನು ಕಳೆದು, ಟರ್ನ್‌ಓವರ್ ಕೂಡಿಸಿ, ಫ್ರೀ ಥ್ರೋಗಳ 0.475 ಪಾಲು ಸೇರಿಸಿ. 58 ಎಸೆತ, 10 ರೀಬೌಂಡ್, 14 ಟರ್ನ್‌ಓವರ್, 18 ಫ್ರೀ ಥ್ರೋ ಎಂದುಕೊಂಡರೆ ಸುಮಾರು 70.5 ಸರದಿ. ಅದರಲ್ಲಿ 14 ಬಾರಿ ಚೆಂಡು ಹಾಗೇ ಕೈತಪ್ಪಿದರೆ ಹೆಚ್ಚುಕಡಿಮೆ ಶೇ. 20. ನವೆಂಬರ್‌ನಲ್ಲಿ ಎಳೆಯ ತಂಡಕ್ಕೆ ಇದು ಸಹಜ. ಜನವರಿ ಕೊನೆಗೆ ಶೇ. 16ರ ಹತ್ತಿರ ಇಳಿದಿದ್ದರೆ ಧೈರ್ಯವಾಗಿ ಆಸೆ ಇಟ್ಟುಕೊಳ್ಳಬಹುದು. ಗೆಲುವು-ಸೋಲಿನ ಪಟ್ಟಿಗಿಂತ ಈ ಅಂಕಿಯನ್ನು ಹೆಚ್ಚು ನಂಬಿ.

ಎರಡನೇ ದಿನ: ಶಾರ್ಲೆಟ್, ಆಮೇಲೆ ರಾಲಿಗೆ

ಬೆಳಿಗ್ಗೆ ದಕ್ಷಿಣಕ್ಕೆ ಅರ್ಧ ಗಂಟೆ, ಶಾರ್ಲೆಟ್ ನಡುಪೇಟೆಯ ಸ್ಪೆಕ್ಟ್ರಮ್ ಸೆಂಟರ್. ಕರಿಯ ಎರಡನೇ ವರ್ಷದಲ್ಲಿ, ಅಂದರೆ 2007ರ ನವೆಂಬರ್-ಡಿಸೆಂಬರ್‌ನಲ್ಲಿ, ಡೇವಿಡ್ಸನ್ ಇಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ತಂಡಕ್ಕೆ 72-68ರಲ್ಲಿ ಸೋತಿತು, ಡ್ಯೂಕ್ ವಿಶ್ವವಿದ್ಯಾಲಯದ ತಂಡಕ್ಕೆ 79-73ರಲ್ಲಿ ಸೋತಿತು. ಕ್ಯಾಲಿಫೋರ್ನಿಯಾಗೆ ಹೋಗಿ ಯುಸಿಎಲ್‌ಎಗೆ 75-63, ಕ್ರಿಸ್‌ಮಸ್‌ಗೆ ಮುನ್ನ ನಾರ್ತ್ ಕ್ಯಾರೊಲೈನಾ ಸ್ಟೇಟ್‌ಗೆ ಒಂದೇ ಅಂಕದಿಂದ, 66-65. ಹತ್ತು ಪಂದ್ಯ ಮುಗಿದಾಗ 4 ಗೆಲುವು, 6 ಸೋಲು.

ಇಂಥ ದೊಡ್ಡ ತಂಡಗಳಿದ್ದ ಆ ವೇಳಾಪಟ್ಟಿ ಗ್ರಹಚಾರದಿಂದ ಬಂದದ್ದಲ್ಲ, ಬೇಕೆಂದೇ ಹಾಕಿಕೊಂಡದ್ದು. ಸಣ್ಣ ಲೀಗಿನ ಕಾಲೇಜು ತನ್ನ ಲೀಗಿನಲ್ಲೇ ಎಷ್ಟು ಗೆದ್ದರೂ ಏಳಡಿ ಎತ್ತರದವರ ಎದುರು ಚೆಂಡು ಎಸೆಯಲು ಕಲಿಯುವುದಿಲ್ಲ. ಸೋಲಿನ ಅಂತರ ನೋಡಿ: ನಾಲ್ಕು, ಆರು, ಹನ್ನೆರಡು, ಒಂದು. ಮುಂದೆ ತಮ್ಮ ಲೀಗಾದ ಸದರ್ನ್ ಕಾನ್ಫರೆನ್ಸ್‌ನಲ್ಲಿ ಅವರು 20ಕ್ಕೆ 20 ಗೆದ್ದರು. ಎಳೆಯ ತಂಡದ ಅಭಿಮಾನಿಗೆ ಡಿಸೆಂಬರ್ ತಿಂಗಳ ಸೋಲು ಸಂಕಟವೇ. ಆದರೆ ಎಂಥವರ ಎದುರು, ಎಷ್ಟರಲ್ಲಿ, ಯಾವ ನಾಲ್ಕು ನಿಮಿಷದಲ್ಲಿ ಸೋತರು ಎಂಬುದನ್ನು ನೋಟ್‌ಬುಕ್ಕಿನ ಹತ್ತು ಸಾಲು ಹೇಳುತ್ತದೆ. ದ್ವಿತೀಯಾರ್ಧದ ಕೊನೆಯ ಸಾಲಿನಲ್ಲಷ್ಟೇ ಜಾರುವ ತಂಡಕ್ಕೆ ಬೇಕಾದ್ದು ಉಸಿರು ಮತ್ತು ಅನುಭವ. ಎಲ್ಲ ಸಾಲಿನಲ್ಲೂ ಜಾರುವ ತಂಡದ ಕಥೆ ಬೇರೆ.

ಮಧ್ಯಾಹ್ನ ಐ-85 ಹಿಡಿದು ರಾಲಿಗೆ, 265 ಕಿ.ಮೀ., ಮೂರು ಗಂಟೆ. ದಾರಿಯಲ್ಲಿ ಸಿಗುವ ಲೆಕ್ಸಿಂಗ್ಟನ್ ಹಂದಿಮಾಂಸದ ಬಾರ್ಬೆಕ್ಯೂಗೆ ಹೆಸರುವಾಸಿ. ಸಸ್ಯಾಹಾರಿಗಳು ಅಲ್ಲಿ ನಿಲ್ಲದೆ ಮುಂದೆ ಹೋದರೆ ರಾಲಿಯ ಮಗ್ಗುಲಲ್ಲಿ ಕ್ಯಾರಿ, ಮಾರಿಸ್‌ವಿಲ್ ಸಿಗುತ್ತವೆ. ರಿಸರ್ಚ್ ಟ್ರಯಾಂಗಲ್‌ನ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಮನೆಗಳು ಇಲ್ಲಿ ಸಾಕಷ್ಟಿವೆ, ಇಡ್ಲಿ-ದೋಸೆಗೆ ಪರದಾಡಬೇಕಿಲ್ಲ. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 2022ರಲ್ಲಿ ಎತ್ತರದ ರಾಜಗೋಪುರವಾಗಿದೆ. ರಾತ್ರಿ ಉಳಿಯಲು ಈ ಕಡೆಯೇ ವಾಸಿ, ಏಕೆಂದರೆ ನಾಳೆ ನೋಡಬೇಕಾದ ಅರೀನಾ ರಾಲಿಯ ನಡುಪೇಟೆಯಲ್ಲಿಲ್ಲ, ಪಶ್ಚಿಮದ ಅಂಚಿನಲ್ಲಿದೆ.

ಮೂರನೇ ದಿನ: ರಾಲಿ

1999ರಲ್ಲಿ ತೆರೆದ ಈ ಅರೀನಾಗೆ 2008ರಲ್ಲಿ ಆರ್‌ಬಿಸಿ ಸೆಂಟರ್ ಎಂದು ಹೆಸರು, ಆಮೇಲೆ ಪಿಎನ್‌ಸಿ ಅರೀನಾ, 2024ರಿಂದ ಲೆನೊವೊ ಸೆಂಟರ್. ಹಳೆಯ ಬರಹ ಓದಿಕೊಂಡು ಬಂದವರು ಮೂರು ಬೇರೆ ಕಟ್ಟಡ ಎಂದುಕೊಳ್ಳುವುದುಂಟು. ಇಲ್ಲಿಗೆ ರೈಲಿಲ್ಲ, ಕಾರೇ ಗತಿ. ಬ್ಯಾಗು ಒಯ್ಯುವುದಾದರೆ ಅರೀನಾದ ಬ್ಯಾಗಿನ ನಿಯಮ ಮೊದಲೇ ಓದಿಕೊಳ್ಳಿ, ಇಲ್ಲವಾದರೆ ಬಾಗಿಲಿಂದ ಕಾರಿಗೆ ಮರಳಿ ನಡೆಯಬೇಕಾಗುತ್ತದೆ.

ಎನ್‌ಸಿಎಎ ಟೂರ್ನಿಯ ಊರು ಯಾವುದೆಂದು ತಿಳಿಯುವುದು ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ. ಪಂದ್ಯ ಗುರುವಾರವೋ ಶುಕ್ರವಾರವೋ. ನಡುವೆ ನಾಲ್ಕೈದು ದಿನ, ಅಷ್ಟೇ. ಟಿಕೆಟ್ ಮಾರುವುದು ಪಂದ್ಯದ ಲೆಕ್ಕದಲ್ಲಲ್ಲ, ಸೆಷನ್ ಲೆಕ್ಕದಲ್ಲಿ: ಮೊದಲ ದಿನ ಎರಡೆರಡು ಪಂದ್ಯಗಳ ಎರಡು ಸೆಷನ್, ಒಂದು ದಿನ ಬಿಟ್ಟು ಗೆದ್ದವರ ಒಂದು ಸೆಷನ್. ಹೋಟೆಲನ್ನು ಮೂರು ರಾತ್ರಿಗೆ ಹಿಡಿದು, ಕೊನೆಯ ಎರಡನ್ನು ರದ್ದು ಮಾಡಲು ಬರುವಂಥ ದರವನ್ನೇ ಆರಿಸಬೇಕು. ಒಂದೇ ರಾತ್ರಿಗೆ ಹಿಡಿದವರು ತಂಡ ಗೆದ್ದ ಸಂಜೆಯೇ ಕೋಣೆ ಹುಡುಕಿ ಅಲೆಯುತ್ತಾರೆ, ಏಕೆಂದರೆ ಗೆದ್ದ ಉಳಿದ ತಂಡಗಳವರೂ ಅದೇ ಹೊತ್ತಿಗೆ ಅದನ್ನೇ ಹುಡುಕುತ್ತಿರುತ್ತಾರೆ.

2008ರ ಮಾರ್ಚ್ 21, ಶುಕ್ರವಾರ. ಡೇವಿಡ್ಸನ್‌ಗೆ ಹತ್ತನೇ ಶ್ರೇಯಾಂಕ, ಎದುರಿಗೆ ಗೊನ್ಜಾಗಾ. 1969ರ ನಂತರ ಈ ಟೂರ್ನಿಯಲ್ಲಿ ಡೇವಿಡ್ಸನ್ ಒಂದೂ ಗೆದ್ದಿರಲಿಲ್ಲ. ಅಂದು 82-76. ಕರಿ 40 ಅಂಕ, ಅದರಲ್ಲಿ 30 ದ್ವಿತೀಯಾರ್ಧದಲ್ಲಿ. ದೂರದಿಂದ ಎಸೆದ ಹತ್ತು ಮೂರಂಕದ ಎಸೆತಗಳಲ್ಲಿ ಎಂಟು ಬಿದ್ದವು. ಎಲ್ಲರಿಗೂ ನೆನಪಿರುವುದು ಆ 40. ತಂಡ ಮಾಗಿದ್ದು ಕಾಣುವುದು ಮಾತ್ರ ಇನ್ನೊಂದು ಕಡೆ. 74-74 ಸಮ ಇದ್ದಾಗ ಒಂದು ಎಸೆತ ತಪ್ಪಿತು. ನೈಜೀರಿಯಾದಿಂದ ಬಂದ ಆ್ಯಂಡ್ರೂ ಲವ್‌ಡೇಲ್ ಆ ಚೆಂಡನ್ನು ಎತ್ತಿಕೊಂಡ. ತಾನೇ ಬುಟ್ಟಿಗೆ ಹಾಕಲು ಹೋಗದೆ ಹೊರಗಿದ್ದ ಕರಿಗೆ ಕೊಟ್ಟ. ಮೂರಂಕ. ಎಳೆಯ ತಂಡದಲ್ಲಿ ರೀಬೌಂಡ್ ಸಿಕ್ಕವನು ಗಾಬರಿಯಲ್ಲಿ ಮೂವರ ನಡುವೆಯೇ ಮೇಲೆ ಜಿಗಿಯುತ್ತಾನೆ. ಚೆಂಡು ಹೊರಗೆ ಕೊಡುವ ಆ ಅರ್ಧ ಕ್ಷಣದ ತಾಳ್ಮೆ ಒಂದು ವರ್ಷದ ಅಭ್ಯಾಸದ ಫಲ.

ಎರಡು ದಿನ ಬಿಟ್ಟು, ಭಾನುವಾರ, ಎರಡನೇ ಶ್ರೇಯಾಂಕದ ಜಾರ್ಜ್‌ಟೌನ್. ದ್ವಿತೀಯಾರ್ಧ ಶುರುವಾದ ಸ್ವಲ್ಪದರಲ್ಲೇ 46-29, ಅಂದರೆ 17 ಅಂಕ ಹಿಂದೆ. ನಾರ್ತ್ ಕ್ಯಾರೊಲೈನಾ ತಂಡವೂ ಅದೇ ಅರೀನಾದಲ್ಲಿ ಆಡುತ್ತಿದ್ದರಿಂದ ಅದರ ತಿಳಿನೀಲಿ ಅಂಗಿಯ ಅಭಿಮಾನಿಗಳು ತಮ್ಮದೇ ರಾಜ್ಯದ ಚಿಕ್ಕ ಕಾಲೇಜಿನ ಪರ ಕೂಗತೊಡಗಿದರು. ಕೊನೆಗೆ 74-70. ಕರಿಯ 30ರಲ್ಲಿ 25 ವಿರಾಮದ ನಂತರ. ಇಲ್ಲೂ ನೋಟ್‌ಬುಕ್ ಹೇಳುವುದೇ ಬೇರೆ. ಜಾರ್ಜ್‌ಟೌನ್ ಎಸೆದ ಚೆಂಡುಗಳಲ್ಲಿ ಶೇ. 63 ಬುಟ್ಟಿಗೆ ಬಿದ್ದಿದ್ದವು. ಅಷ್ಟು ಚೆನ್ನಾಗಿ ಎಸೆದು ಸೋಲುವ ತಂಡ ಬಲು ಅಪರೂಪ. ಸೋತದ್ದೇಕೆಂದರೆ 20 ಬಾರಿ ಎಸೆಯುವ ಮೊದಲೇ ಚೆಂಡು ಕಳೆದುಕೊಂಡರು, ಮತ್ತು ಅವರ ಏಳಡಿ ಎರಡಂಗುಲದ ರಾಯ್ ಹಿಬರ್ಟ್ ಫೌಲ್‌ಗಳಿಂದಾಗಿ ಬಹುಪಾಲು ಬೆಂಚಿನಲ್ಲೇ ಕೂತ. ಐದು ಫೌಲ್ ಆದರೆ ಹೊರಗೆ ಎಂಬ ನಿಯಮ ಇರುವ ಆಟದಲ್ಲಿ, ಎತ್ತರದವರ ಎದುರು ಕುಳ್ಳರ ತಂಡಕ್ಕಿರುವ ನಿಜವಾದ ಆಯುಧ ಇದೇ: ಚೆಂಡು ಹಿಡಿದು ಅವರ ಮೈಮೇಲೆಯೇ ನುಗ್ಗುವುದು.

ಅರೀನಾದ ಒಳಗೆ ಈ ಎರಡು ದಿನಗಳ ನೆನಪಿನ ಫಲಕ ಹುಡುಕುತ್ತ ಕಾಲ ಕಳೆಯಬೇಡಿ. ಇದು ಐಸ್ ಹಾಕಿ ತಂಡವೊಂದರ ಮನೆ, ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಮನೆ. ಒಂದು ಪಂದ್ಯಕ್ಕೆ ಟಿಕೆಟ್ ಸಿಕ್ಕರೆ ಮೇಲಿನ ಹಂತದಲ್ಲಿ ಕೂತು ಅಂಕಣ ನೋಡಿ, ಸಾಕು.

ನಾಲ್ಕನೇ ದಿನ: ಬೆಟ್ಟ ಹತ್ತಿ ಉತ್ತರಕ್ಕೆ

ಮುಂದಿನ ಸುತ್ತು ಡೆಟ್ರಾಯ್ಟ್‌ನಲ್ಲಿ ಎಂದಾದಾಗ ಡೇವಿಡ್ಸನ್ ಕಾಲೇಜಿನ ಟ್ರಸ್ಟಿಗಳು, ಹೋಗಬೇಕೆನ್ನುವ ವಿದ್ಯಾರ್ಥಿಗಳಿಗೆ ಬಸ್ಸು, ಟಿಕೆಟ್, ಎರಡು ರಾತ್ರಿಯ ಹೋಟೆಲು ಎಲ್ಲದರ ಖರ್ಚನ್ನೂ ತಾವೇ ಹೊತ್ತರು. ಸುಮಾರು 1,000 ಕಿ.ಮೀ. ಪ್ರಯಾಣ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಕೋಟಿಗಟ್ಟಲೆ ಹಣ ಹರಿಯುತ್ತದೆ, ಅದರಲ್ಲಿ ಇಷ್ಟು ಚೆನ್ನಾಗಿ ಖರ್ಚಾದ ಹಣ ಕಡಿಮೆ.

ರಾಲಿಯಿಂದ ಐ-40ರಲ್ಲಿ ಪಶ್ಚಿಮಕ್ಕೆ ವಿನ್‌ಸ್ಟನ್-ಸೇಲಂ, ಅಲ್ಲಿಂದ 52ನೇ ಹೆದ್ದಾರಿಯಲ್ಲಿ ಮೌಂಟ್ ಏರಿ, ಆಮೇಲೆ ಮತ್ತೆ ಐ-77. ವರ್ಜೀನಿಯಾ ಗಡಿ ದಾಟುತ್ತಲೇ ಫ್ಯಾನ್ಸಿ ಗ್ಯಾಪ್ ಘಾಟಿ. ಇಲ್ಲಿ ಎಚ್ಚರ ಬೇಕು. ತಪ್ಪಲಿನಿಂದ ಮೇಲೇರುವ ತೇವದ ಗಾಳಿ ಬೆಟ್ಟದ ಅಂಚಿನಲ್ಲಿ ತಣಿದು ಮಂಜಾಗಿ ಕೂರುತ್ತದೆ. ಶಿರಾಡಿ, ಚಾರ್ಮಾಡಿ ಕಂಡವರಿಗೆ ಮಂಜು ಹೊಸದಲ್ಲ, ಆದರೆ ಇಲ್ಲಿ ವಾಹನಗಳು ನೂರರ ವೇಗದಲ್ಲಿ ಬರುತ್ತವೆ. 2013ರ ಮಾರ್ಚ್ 31ರಂದು ಇದೇ ಜಾಗದಲ್ಲಿ ಒಂದರ ಹಿಂದೊಂದು 95 ವಾಹನ ಡಿಕ್ಕಿ ಹೊಡೆದವು. ಈಗ ಮಂಜಿಗೆ ತಕ್ಕಂತೆ ವೇಗದ ಮಿತಿ ಬದಲಿಸುವ ಫಲಕಗಳಿವೆ, ಅವು ಹೇಳಿದಷ್ಟೇ ಓಡಿಸಿ. ಬೆಳಗಿನ ಹೊತ್ತು ಮಂಜು ಹೆಚ್ಚಿದ್ದರೆ ಮೌಂಟ್ ಏರಿಯಲ್ಲೇ ಕಾಫಿಗೆ ನಿಂತು ತಡವಾಗಿ ಹೊರಡುವುದು ಜಾಣತನ.

ಮುಂದೆ ಎರಡು ಸುರಂಗ: ಬಿಗ್ ವಾಕರ್ ಮತ್ತು ಈಸ್ಟ್ ರಿವರ್. ಎರಡನೆಯದರ ಒಳಗೆ ಹೊಕ್ಕದ್ದು ವರ್ಜೀನಿಯಾದಲ್ಲಿ, ಹೊರಬರುವುದು ವೆಸ್ಟ್ ವರ್ಜೀನಿಯಾದಲ್ಲಿ. ಪ್ರಿನ್ಸ್‌ಟನ್‌ನಿಂದ ಚಾರ್ಲ್ಸ್‌ಟನ್‌ವರೆಗೆ 88 ಮೈಲಿ ಟರ್ನ್‌ಪೈಕ್ (ಟೋಲ್ ಹೆದ್ದಾರಿ), ಮೂರು ಕಡೆ ಟೋಲ್. ಈ-ಜೀಪಾಸ್ ಎಂಬ ಟೋಲ್ ಟ್ಯಾಗ್ ಇದ್ದರೆ ಸಲೀಸು. ದಾರಿ ಪೂರ್ತಿ ತಿರುವು, ಏರು, ಇಳಿವು, ಎದುರು ಬದುರಿಗೆ ಕಲ್ಲಿದ್ದಲ ಸೀಮೆಯ ಬೆಟ್ಟಗಳು. ಪೆಟ್ರೋಲ್ ಅರ್ಧಕ್ಕಿಳಿದರೆ ತುಂಬಿಸಿಕೊಂಡುಬಿಡಿ. ಚಾರ್ಲ್ಸ್‌ಟನ್ ದಾಟಿ ಒಂದು ಗಂಟೆಗೆ ಸ್ವಲ್ಪ ಮೇಲಾಗುವಾಗ ಒಹಾಯೊ ನದಿ, ದಡದಲ್ಲಿ ಮರಿಯೆಟಾ. ಬೆಳಿಗ್ಗೆಯಿಂದ 600 ಕಿ.ಮೀ. ಮೀರಿರುತ್ತದೆ. ಇಲ್ಲೇ ತಂಗಬೇಕು.

ಐದನೇ ದಿನ: ಒಹಾಯೊ ಹಾದು

ಐದು ಗಂಟೆಯ ದಾರಿ. ಆ್ಯಕ್ರನ್‌ವರೆಗೆ ಐ-77, ಟರ್ನ್‌ಪೈಕ್‌ನಲ್ಲಿ ಟೊಲೀಡೊ, ಐ-75ರಲ್ಲಿ ಡೆಟ್ರಾಯ್ಟ್. ವಾಹನ ಕಂಪನಿಗಳ ಕಾರಣದಿಂದ ಡೆಟ್ರಾಯ್ಟ್ ಸುತ್ತಿನ ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕನ್ನಡಿಗರು ದಶಕಗಳಿಂದ ನೆಲೆಸಿದ್ದಾರೆ, ಪಂಪ ಕನ್ನಡ ಕೂಟ ಅವರದೇ. ಊಟಕ್ಕೆ ಡಿಯರ್‌ಬಾರ್ನ್‌ನ ಅರಬ್ ಹೋಟೆಲುಗಳನ್ನೂ ನೋಡಿ: ಫಲಾಫೆಲ್, ಹಮ್ಮಸ್, ಬಿಸಿ ರೊಟ್ಟಿ.

ಆರನೇ ದಿನ: ಡೆಟ್ರಾಯ್ಟ್

ಫೋರ್ಡ್ ಫೀಲ್ಡ್ ಅಮೆರಿಕನ್ ಫುಟ್‌ಬಾಲ್‌ನ ಲಯನ್ಸ್ ತಂಡದ ಮೈದಾನ, ಮುಚ್ಚು ಚಾವಣಿ, ಸುಮಾರು 65,000 ಆಸನ. ನವೆಂಬರ್‌ನ ಭಾನುವಾರ ಲಯನ್ಸ್ ಪಂದ್ಯವಿದ್ದರೆ ಈ ಕಡೆ ಕಾರು ತರುವುದೇ ಬೇಡ. 2008ರಲ್ಲಿ ಮೈದಾನದ ನಡುಮಧ್ಯೆ ಎತ್ತರದ ವೇದಿಕೆ ಕಟ್ಟಿ ಅದರ ಮೇಲೆ ಬ್ಯಾಸ್ಕೆಟ್‌ಬಾಲ್ ಅಂಕಣ ಹಾಸಿದ್ದರು. ಐವತ್ತು ಸಾವಿರಕ್ಕೂ ಮೀರಿ ಜನ. ಇಂಥ ಕಡೆ ಎಸೆತಗಾರರಿಗೆ ಒಂದು ತೊಡಕಿದೆ: ಬುಟ್ಟಿಯ ಹಿಂದೆ ಗೋಡೆಯೋ ಹತ್ತಿರದ ಆಸನವೋ ಇರದೆ ಬರೀ ಬಯಲು, ದೂರ ಅಳೆಯಲು ಕಣ್ಣಿಗೆ ಆಸರೆ ಸಿಗುವುದಿಲ್ಲ. ಬೆಲ್ಕ್ ಅರೀನಾದಂಥ ಚಿಕ್ಕ ಮನೆಯಿಂದ ಬಂದವರಿಗೆ ಇನ್ನೂ ಕಷ್ಟ.

ಮಾರ್ಚ್ 28ರಂದು ವಿಸ್ಕಾನ್ಸಿನ್. ಎದುರಾಳಿಗೆ ಅಂಕ ಬಿಟ್ಟುಕೊಡುವುದರಲ್ಲಿ ದೇಶದಲ್ಲೇ ಬಿಗಿ ಮುಷ್ಟಿಯ ತಂಡ ಅದು. ವಿರಾಮಕ್ಕೆ 36-36, ಕೊನೆಗೆ ಡೇವಿಡ್ಸನ್ 73-56. ಕರಿ 33. ಈ ಪಂದ್ಯದಲ್ಲಿ ಹೆಚ್ಚು ಖುಷಿ ಕೊಡುವ ಅಂಕಿ ಪಾಯಿಂಟ್ ಗಾರ್ಡ್ (ಚೆಂಡು ಹೊತ್ತು ಆಟ ನಡೆಸುವವನು) ಜೇಸನ್ ರಿಚರ್ಡ್ಸ್‌ನದು: 13 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿ ಮಾಡಿದ ಪಾಸ್), ಸೊನ್ನೆ ಟರ್ನ್‌ಓವರ್. ಆ ಋತುವಿನಲ್ಲಿ ದೇಶದಲ್ಲೇ ಅತಿ ಹೆಚ್ಚು ಸರಾಸರಿ ಅಸಿಸ್ಟ್ ಅವನದು. ಕರಿಯಂಥ ಎಸೆತಗಾರ ಅರಳಬೇಕಾದರೆ ಚೆಂಡು ಹೊರುವ ಭಾರ ಇನ್ನೊಬ್ಬ ಹೊರಬೇಕು. ಎಳೆಯ ತಂಡದಲ್ಲಿ ಮಿಂಚುವ ಹುಡುಗನನ್ನು ಎಲ್ಲರೂ ಹುಡುಕುತ್ತಾರೆ. ಅವನ ಪಕ್ಕದಲ್ಲಿ ಚೆಂಡು ಕಳೆದುಕೊಳ್ಳದ ಹಿರಿಯನೊಬ್ಬ ಇದ್ದಾನೆಯೇ ಎಂದು ಮೊದಲು ನೋಡಬೇಕು.

ಮಾರ್ಚ್ 30, ಕ್ಯಾನ್ಸಸ್. ಡೇವಿಡ್ಸನ್ ಸತತ 25 ಗೆದ್ದು ಬಂದಿತ್ತು. ಕ್ಯಾನ್ಸಸ್ ಒಬ್ಬರ ನಂತರ ಒಬ್ಬರಂತೆ ದಣಿಯದ ಕಾಲಿನ ಆಟಗಾರರನ್ನು ಕರಿಯ ಮೇಲೆ ಬಿಟ್ಟಿತು. 25 ಎಸೆತಗಳಲ್ಲಿ ಅವನದು ಬಿದ್ದದ್ದು 9. ಹತ್ತು ದಿನದಲ್ಲಿ ನಾಲ್ಕನೇ ಪಂದ್ಯ, ಮೂರಂಕದ ಎಸೆತಗಳು ರಿಂಗಿನ ಮುಂಭಾಗಕ್ಕೆ ಬಡಿಯತೊಡಗಿದರೆ ಕಾಲು ಸೋತಿದೆ ಎಂದರ್ಥ. ಆದರೂ ಒಂದು ನಿಮಿಷಕ್ಕಿಂತ ಕಡಿಮೆ ಉಳಿದಿದ್ದಾಗ ಅವನ ಮೂರಂಕದಿಂದ ಕ್ಯಾನ್ಸಸ್‌ನ ಮುನ್ನಡೆ 59-57ಕ್ಕೆ ಇಳಿಯಿತು. ಕೊನೆಯ ಚೆಂಡು ಡೇವಿಡ್ಸನ್ ಕೈಯಲ್ಲಿ, ಉಳಿದದ್ದು 17 ಸೆಕೆಂಡಿನಷ್ಟು. ಕರಿಯ ಮೇಲೆ ಇಬ್ಬರು ಮುಗಿಬಿದ್ದರು, ಅವನು ರಿಚರ್ಡ್ಸ್‌ಗೆ ಕೊಟ್ಟ, ದೂರದ ಎಸೆತ ತಪ್ಪಿತು. ಇಬ್ಬರು ಮೇಲೆ ಬಿದ್ದರೆ ಬಿಡುವಿರುವವನಿಗೆ ಕೊಡು ಎಂಬುದು ಎರಡು ವರ್ಷ ಕಲಿಸಿದ ಪಾಠ. ಆ ಪಾಸ್ ಸರಿಯಿತ್ತು. ಇಂದಿಗೂ ಕರಿಯೇ ಎಸೆಯಬೇಕಿತ್ತು ಎನ್ನುವವರಿದ್ದಾರೆ, ಅದನ್ನು ಒಪ್ಪಲಾಗದು. ಕ್ಯಾನ್ಸಸ್ ಮುಂದೆ ಚಾಂಪಿಯನ್ ಆಯಿತು.

ಇದೇ ಮಿಷಿಗನ್ ರಾಜ್ಯದಲ್ಲೇ, 2006ರ ನವೆಂಬರ್‌ನಲ್ಲಿ, ಕರಿಯ ಮೊದಲ ಕಾಲೇಜು ಪಂದ್ಯ ನಡೆದದ್ದು. ಎದುರಾಳಿ ಈಸ್ಟರ್ನ್ ಮಿಷಿಗನ್. ಅಂದು ಅವನದು 15 ಅಂಕ, 13 ಟರ್ನ್‌ಓವರ್. ಏಳು ಮಂದಿ ಹಿರಿಯರು ಆ ವರ್ಷವೇ ಓದು ಮುಗಿಸಿ ಹೋಗಿದ್ದರಿಂದ ತಂಡವೆಲ್ಲ ಎಳಸು. ಮೆಕಿಲಪ್ ಅವನನ್ನು ಮೂಲೆಗೆ ಸರಿಸಲಿಲ್ಲ, ಮುಂದಿನ ಪಂದ್ಯಕ್ಕೂ ಇಳಿಸಿದರು. ಮಿಷಿಗನ್ ವಿರುದ್ಧ 32 ಅಂಕ. ಆ ಹದಿಮೂರರಿಂದ ಫೋರ್ಡ್ ಫೀಲ್ಡ್‌ಗೆ ಹದಿನಾರು ತಿಂಗಳು ಹಿಡಿಯಿತು.

ಈಗಿನ ಅಭಿಮಾನಿಯ ಆತಂಕ ಇಲ್ಲೇ ಇದೆ. ಆಗ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಿಂದ ಒಮ್ಮೆ, 2024ರಿಂದ ಎಷ್ಟು ಬಾರಿಯಾದರೂ ತಕ್ಷಣ ಆಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ನೇರ ಹಣ ಕೊಡಬಹುದು. ಹುಡುಗರ ಕೈಗೆ ದುಡಿಮೆಯ ಪಾಲು ಬಂದದ್ದು ನ್ಯಾಯವೇ. ಆದರೆ ಚಿಕ್ಕ ಕಾಲೇಜಿನಲ್ಲಿ ಒಂದು ವರ್ಷ ತಪ್ಪು ಮಾಡಿ ಕಲಿತವನು, ಫಲ ಕೊಡುವ ಹೊತ್ತಿಗೆ ದೊಡ್ಡ ಕಾಲೇಜಿನ ಅಂಗಿ ತೊಟ್ಟಿರುತ್ತಾನೆ. 2025ರಲ್ಲಿ ಕರಿ ಡೇವಿಡ್ಸನ್ ತಂಡದ ಸಹಾಯಕ ಜನರಲ್ ಮ್ಯಾನೇಜರ್ ಆಗಿ ಬಂದದ್ದರ ಹಿಂದಿನ ಒಂದು ಲೆಕ್ಕವೂ ಇದೇ: ಹುಡುಗರನ್ನು ತರುವುದು, ತಂದವರನ್ನು ಉಳಿಸಿಕೊಳ್ಳುವುದು.

ಆದ್ದರಿಂದ ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ಇನ್ನೊಂದು ಪಟ್ಟಿ ಬೇಕು. ಈ ನವೆಂಬರ್‌ನಲ್ಲಿ ಹೆಚ್ಚು ನಿಮಿಷ ಆಡುವ ಎಂಟು ಹುಡುಗರ ಹೆಸರು, ಅವರು ಓದುತ್ತಿರುವ ವರ್ಷ, ಎದುರಿಗೆ ಒಂದು ಖಾಲಿ ಮನೆ. ಬರುವ ನವೆಂಬರ್‌ನಲ್ಲಿ ಎಕ್ಸಿಟ್ 30ರಲ್ಲಿ ಮತ್ತೆ ಇಳಿದು, ಬೆಲ್ಕ್ ಅರೀನಾದ ಅದೇ ಸಾಲಿನಲ್ಲಿ ಕೂತು, ಆ ಎಂಟರಲ್ಲಿ ಇನ್ನೂ ಎಷ್ಟು ಮಂದಿ ಅಂಕಣದಲ್ಲಿದ್ದಾರೆ ಎಂದು ಎಣಿಸಿ. ಐದಕ್ಕಿಂತ ಹೆಚ್ಚಿದ್ದರೆ ಮಾರ್ಚ್ ತಿಂಗಳ ರಜೆಯನ್ನು ಆಗಲೇ ಬರೆದು ಕೊಡಬಹುದು.